ಟೂಸ್ ಬಿಟ್ಟ ಹಳದಿ ಎಲೆಗಳು

ನಮ್ಮ ನಾಲ್ಕನೇ ಕೋಣೆಯ ಗಾಂಜಾ ಗಿಡಗಳನ್ನು ಮೇಲಿನಿಂದ ನೋಡಿ ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೀಪದ ಕೆಳಗೆ ದಪ್ಪಗೆ ನಿಂತ ಹೂಗೊನೆ ನೋಡಿ ಆಹಾ ಅನ್ನುವುದಕ್ಕೆ ಯಾರಾದರೇನು? ಬಗ್ಗಿ ಬುಡ ನೋಡಬೇಕು. ಅಲ್ಲಿ ಟೂಸ್ ಫಾನ್ ಖೆಸ್ತೆಲ್ ಎಂಬವಳ ಕೈ ಇದೆ. ಇಡೀ ಬ್ರಾಬಾಂಟ್ ಸೀಮೆಯಲ್ಲಿ ಅಂಥ ಕೈ ಇನ್ನೊಂದಿಲ್ಲ ಎಂದು ನಾನು, ಅವಳ ಪಕ್ಕದ ಸಾಲಿನಲ್ಲಿ ಕೆಲಸ ಮಾಡುವ ಟಿನುಸ್, ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಅವಳೆದುರಿಗೆ ಮಾತ್ರ ಹೇಳುವುದಿಲ್ಲ, ತಲೆಗೇರಿಬಿಡುತ್ತದೆ.

ಟೂಸ್ ಸೇವಂತಿಗೆ ಬೆಳೆಗಾರರ ಮಗಳು. ಅಪ್ಪನ ಗಾಜಿನ ಮನೆಯಲ್ಲಿ ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿ, ತುದಿಯ ಒಂದೇ ಹೂವನ್ನು ಬಟ್ಟಲಿನಷ್ಟು ದೊಡ್ಡದು ಮಾಡುವುದನ್ನು ಚಿಕ್ಕಂದಿನಲ್ಲೇ ಕಲಿತವಳು. ಅಪ್ಪ ಹೋದರು, ಗಾಜಿನ ಮನೆಯೂ ಹೋಯಿತು. ಅಷ್ಟರಲ್ಲಿ ಸರ್ಕಾರದ ಪರವಾನಗಿ ಪಡೆದು ನಮ್ಮ ಕಂಪನಿ ಬಂತು. ಕೆಲಸ ಕೇಳಲು ಹೋದಾಗ ಯಜಮಾನ ರೂಲೋಫ್ ಕೇಳಿದನಂತೆ, "ಗಾಂಜಾ ಬಗ್ಗೆ ಏನು ಗೊತ್ತು?" "ಏನೂ ಗೊತ್ತಿಲ್ಲ. ಬೇಡದ್ದನ್ನ ಚಿವುಟೋದು ಗೊತ್ತು" ಅಂದಳಂತೆ. ಅವನು ಅವತ್ತೇ ಏಪ್ರನ್ ಕೊಟ್ಟು ಒಳಗೆ ಕಳಿಸಿದ.

ಗಿಡ ಹೂವಿಗೆ ತಿರುಗಿದ ಮೊದಲ ವಾರಗಳಲ್ಲಿ ಅವಳ ದರ್ಬಾರು ನೋಡಬೇಕು. ಬಿಯರ್ ಕ್ರೇಟನ್ನು ಬೋರಲು ಹಾಕಿ, ಮೇಲೊಂದು ಹಳೇ ದಿಂಬಿಟ್ಟು ಕೂರುತ್ತಾಳೆ. ದೀಪದ ಬೆಳಕು ಮುಟ್ಟದ ಕೆಳಗಿನ ಎಲೆ, ಎಂದೂ ದಪ್ಪವಾಗದ ಕಡಲೆಕಾಳಿನಷ್ಟು ಹೂ, ಸಣಕಲು ಕವಲು, ಎಲ್ಲವೂ ಅವಳ ಬೆರಳಿಗೆ ಸಿಕ್ಕಿ ಬುಟ್ಟಿಗೆ ಬೀಳುತ್ತವೆ. ಅವುಗಳನ್ನು ಬಿಟ್ಟರೆ ಗಿಡದ ಸತ್ವ ಸುಮ್ಮನೆ ಹಂಚಿಹೋಗುತ್ತದೆ, ಗಾಳಿ ಆಡದೆ ಬುಡದಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಂತ ಒಂದೇ ಸಲ ಬೋಳಿಸುವವಳಲ್ಲ. ಒಮ್ಮೆ ಅರ್ಧ ಸವರಿ, ಗಿಡ ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಬರುತ್ತಾಳೆ.

ಸಾಲು ಮುಗಿಯಿತು ಅನ್ನುವುದಕ್ಕೆ ಅವಳದೇ ಒಂದು ಪರೀಕ್ಷೆ. ನಮ್ಮ ಕಡೆ ಮನೆಗಳಲ್ಲಿ ಮುಂದಿನ ಕಿಟಕಿಯ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಹಿತ್ತಲಿನ ಗಿಡದವರೆಗೆ ಕಾಣಬೇಕು. ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎಂದು ಅದರ ಅರ್ಥ. ಟೂಸ್ ಲೆಕ್ಕವೂ ಅದೇ. ನಾನು ಆಚೆ ಗೋಡೆಗೆ ಹೋಗಿ ನಿಲ್ಲಬೇಕು, ಅವಳು ಈಚೆ ಕ್ರೇಟಿನ ಮೇಲಿಂದ ಬುಡಗಳ ಸಂದಿಯಲ್ಲಿ ನನ್ನ ಬೂಟು ಹುಡುಕಿ ಕೂಗುತ್ತಾಳೆ.

"ಟಿನುಸ್, ಒಂದೇ ಬೂಟು ಕಾಣ್ತಿದೆ ಕಣೋ!"

"ಇನ್ನೊಂದು ಮನೇಲಿ ಬಿಟ್ಟು ಬಂದಿದೀನಿ."

"ನಿನ್ನ ತಲೆನೂ ಅಲ್ಲೇ ಬಿಟ್ಟು ಬಂದಿರ್ಬೇಕು. ನಿಂತ್ಕೋ, ಇನ್ನೂ ಎರಡು ಕವಲಿದೆ."

ಎರಡೂ ಬೂಟು ಕಂಡ ಮೇಲೆಯೇ ನಮಗೆ ಕಾಫಿ.

ಇಷ್ಟೆಲ್ಲ ಕೈಚಳಕವಿದ್ದೂ ಟೂಸ್‌ಗೆ ಒಂದು ಕೊರಗಿತ್ತು. ಅವಳ ತಾಯಿ ಮಿನಾ, ತೊಂಬತ್ತರ ಹತ್ತಿರದ ಮುದುಕಿ, ಮಗಳ ಕೆಲಸದ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹುಟ್ಟುಹಬ್ಬಕ್ಕೆ ನಾವೆಲ್ಲ ಕುರ್ಚಿಗಳನ್ನು ದುಂಡಗೆ ಹಾಕಿ ಕೂತಾಗ ಯಾರಾದರೂ ಕೇಳಿದರೆ, "ಎಲ್ಲೋ ಹೂವಿನ ಕೆಲಸಕ್ಕೆ ಹೋಗ್ತಾಳೆ, ಕೇಕ್ ತಗೊಳ್ಳಿ" ಎಂದು ಮಾತು ತಿರುಗಿಸುತ್ತಿದ್ದಳು. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಟೂಸ್‌ಳ ಅಣ್ಣ ಅಟ್ಟದ ಮೇಲೆ ಕದ್ದುಮುಚ್ಚಿ ಗಾಂಜಾ ಬೆಳೆದಿದ್ದ, ಪೊಲೀಸರು ಬಂದು ಗಿಡಗಳನ್ನು ಬೀದಿಗೆ ತಂದು ಸುರಿದಿದ್ದರು. ಆ ಚಳಿಗಾಲವಿಡೀ ಮಿನಾ ಕಿಟಕಿಗೆ ಎಳೆದ ಪರದೆ ಸರಿಸಲಿಲ್ಲ.

"ಅಮ್ಮ, ನಾನು ಕದ್ದು ಮಾಡ್ತಿಲ್ಲ. ಸರ್ಕಾರದೋರೇ ಬಂದು ನೋಡ್ಕೊಂಡು ಹೋಗ್ತಾರೆ" ಎಂದು ಟೂಸ್ ಎಷ್ಟು ಸಲ ಹೇಳಿದ್ದಳೋ.

"ಗಿಡ ಅದೇ ತಾನೇ" ಅನ್ನುತ್ತಿದ್ದಳು ಮಿನಾ.

ಈ ವಸಂತದಲ್ಲಿ ರೂಲೋಫ್ ಕೆಲಸಗಾರರ ಮನೆಯವರನ್ನು ಕರೆದ. ಕೋಣೆಯ ಒಳಗೆ ಬಿಡುವ ಹಾಗಿಲ್ಲ, ನಡುದಾರಿಯ ಗಾಜಿನ ಆಚೆಯಿಂದ ನೋಡಬಹುದು. ಮಿನಾ ಬರುತ್ತೇನೆ ಅಂದುಬಿಟ್ಟಳು! ಟೂಸ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಆ ದಿನ ಬೆಳಿಗ್ಗೆ ಕೋಣೆಗೆ ಬಂದವಳೇ ಮುಖ ಸಣ್ಣಗೆ ಮಾಡಿಕೊಂಡು ಕ್ರೇಟಿನ ಮೇಲೆ ಕುಸಿದಳು. ಹೂ ಬಲಿಯುವ ಹೊತ್ತು ಅದು. ಅವಳು ಸವರಿದ ಬುಡಕ್ಕಿಂತ ತುಸು ಮೇಲಿದ್ದ ಎಲೆಗಳು ಹಳದಿಗೆ ತಿರುಗಿ, ಜೋತುಬಿದ್ದು, ನೋಟಕ್ಕೆ ಅಡ್ಡವಾಗಿದ್ದವು.

"ಅಮ್ಮ ನೋಡೋದು ಇದನ್ನಾ?" ಅಂದಳು.

ನೆಂಟರು ಬರುತ್ತಾರೆಂದರೆ ಹೊಸ್ತಿಲನ್ನೂ ಸೋಪು ಹಾಕಿ ಉಜ್ಜುವ ಜನ ನಾವು. "ಕಿತ್ತು ಹಾಕು ಮಾರಾಯ್ತಿ, ಒಂದು ಗಂಟೆ ಕೆಲಸ. ನಾನೂ ಕೈ ಹಾಕ್ತೀನಿ" ಅಂದೆ.

ಅವಳು ಒಂದು ಎಲೆಯ ತೊಟ್ಟನ್ನು ಬೆರಳ ನಡುವೆ ಹಿಡಿದಳು. ಎಳೆಯಲಿಲ್ಲ. "ಇನ್ನೂ ಅರ್ಧ ಹಸಿರಿದೆ ಕಣೋ. ಇದರಲ್ಲಿರೋದನ್ನ ಹೂವು ಹೀರ್ತಾ ಇದೆ. ಈಗ ಇಷ್ಟೂ ಕಿತ್ರೆ ಗಿಡ ಮುನಿಸ್ಕೊಳ್ಳುತ್ತೆ, ಗಾಯಕ್ಕೆ ಬೂಷ್ಟು ಕೂರುತ್ತೆ."

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗಲ್ವಾ?" ಅಂದವಳೇ ತೊಟ್ಟು ಬಿಟ್ಟಳು. ಕುಂಡದ ಮೇಲೆ ಉದುರಿದ್ದ ಒಣ ಎಲೆಗಳನ್ನಷ್ಟೇ ಆರಿಸಿ, ಕಣ್ಣೊರೆಸಿಕೊಂಡು, ತಾಯಿಯನ್ನು ಕರೆತರಲು ಹೋದಳು. ಹಠಮಾರಿ ಎಂದು ಮನಸ್ಸಿನಲ್ಲೇ ಬೈದೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಅವಳ ಬಗ್ಗೆ ಬಹಳ ಹೆಮ್ಮೆಯಾಯಿತು.

ಮಧ್ಯಾಹ್ನ ನಾನು ನಾಲ್ಕನೇ ಕೋಣೆಯೊಳಗೆ ಆಚೆ ಗೋಡೆಯ ಹತ್ತಿರ ನೀರಿನ ಕೊಳವೆ ನೋಡುತ್ತಿದ್ದೆ. ಸಾಲಿನ ಈಚೆ ತುದಿಯ ಗಾಜಿನಾಚೆ ಜನ ಕೇಕು ತಿನ್ನುತ್ತ ಹೂಗೊನೆಗಳನ್ನು ನೋಡಿ ಬೆರಗಾಗುತ್ತಿದ್ದರು. ಬಾಗಿಲು ಅರೆ ತೆರೆದಿದ್ದರಿಂದ ಮಾತು ಕೇಳಿಸುತ್ತಿತ್ತು. ಮಿನಾ ಹೂವಿನ ಕಡೆ ತಲೆಯೆತ್ತಲೂ ಇಲ್ಲ. "ಕೂರಕ್ಕೇನಾದ್ರೂ ಕೊಡೇ" ಅಂದಳು. ಟೂಸ್ ತನ್ನ ಕ್ರೇಟು ತಂದಿಟ್ಟಳು. ಮುದುಕಿ ಅದರ ಮೇಲೆ ಕೂತು, ಕೋಲಿನ ಮೇಲೆ ಗದ್ದವಿಟ್ಟು, ನೇರ ಬುಡಕ್ಕೇ ಕಣ್ಣು ಹಾಕಿದಳು.

"ಈ ಹಳದಿ ಎಲೆ ಬಿಟ್ಟೋರು ಯಾರು?"

ಟೂಸ್ ಮುಖ ಕೆಂಪಾಯಿತು. "ನಾನೇ ಅಮ್ಮ."

"ನಾನು ಬರೋದು ಗೊತ್ತಿತ್ತಲ್ಲ?"

"ಗೊತ್ತಿತ್ತು. ಈಗ ಕೀಳೋ ಹಾಗಿಲ್ಲ ಅಮ್ಮ, ಗಿಡಕ್ಕೆ ನೋವಾಗುತ್ತೆ."

ಮಿನಾ ಕೋಲಿನಿಂದ ಗದ್ದ ಎತ್ತಿ ಮಗಳನ್ನು ನೋಡಿದಳು. ಆಮೇಲೆ, "ನಿಮ್ಮಪ್ಪ ಕೀಳ್ತಿದ್ರು. ಯಾರಾದ್ರೂ ಬರ್ತಾರೆ ಅಂದ್ರೆ ಸಾಕು, ಸೇವಂತಿಗೆ ಬುಡ ಎಲ್ಲ ಬೋಳಿಸ್ಬಿಡೋರು. ಆಮೇಲೆ ಹೂವು ಬಾಡೋದು. ಬೇಡ ಅಂತ ಬಡ್ಕೊಂಡ್ರೂ ಕೇಳ್ತಿರಲಿಲ್ಲ" ಅಂದಳು.

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬಗ್ಗಿ, "ಅಜ್ಜಿ, ನಿಮ್ಮ ಮಗಳು ಏನು ಕೆಲಸ ಮಾಡೋದು ಇಲ್ಲಿ?" ಎಂದು ಕೇಳಿದಳು. ನನ್ನ ಕೈ ಕೊಳವೆಯ ಮೇಲೆ ನಿಂತಿತು. ಹೂವಿನ ಕೆಲಸ, ಕೇಕ್ ತಗೊಳ್ಳಿ ಅನ್ನುತ್ತಾಳೆ ಅಂದುಕೊಂಡೆ.

"ಗಾಂಜಾ ಬೆಳೀತಾಳೆ" ಅಂದಳು ಮಿನಾ, ನಡುದಾರಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಅವರಪ್ಪನಿಗಿಂತ ಚೆನ್ನಾಗಿ ಬೆಳೀತಾಳೆ. ಬಗ್ಗಿ ಬುಡ ನೋಡಿ."

ಆಮೇಲೆ ತನ್ನ ಮದುವೆ ಉಂಗುರದಿಂದ ಗಾಜಿನ ಮೇಲೆ ಟಕಟಕ ಬಡಿದಳು.

"ಏ ಟಿನುಸ್! ಬೂಟು ಆಚೆ ತೆಗಿಯೋ. ನನಗೆ ಆ ಗೋಡೆವರೆಗೂ ಕಾಣ್ಬೇಕು."

ನಾನು ಪಕ್ಕಕ್ಕೆ ಸರಿದು ನಿಂತೆ.