ಗೋಧಿ ಬಿಟ್ಟ ಮನೆ

ಅವನ ದಾರಿಯಲ್ಲಿ ಬರುವ ಅಂಗಡಿಯವರೆಲ್ಲ ಸೇರಿ ಅವನಿಗೆ ಇಟ್ಟಿದ್ದ ಹೆಸರು ಬ್ರೆಡ್ಡಣ್ಣ. ಇಪ್ಪತ್ತನಾಲ್ಕು ವರ್ಷಗಳಿಂದ ಅದೇ ಬೇಕರಿಯ ವ್ಯಾನು ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಬೇಕರಿಯ ಹಿಂದಿನ ಅಂಗಳಕ್ಕೆ ಹೋಗಿ, ಪ್ಲಾಸ್ಟಿಕ್ ಟ್ರೇಗಳನ್ನು ಒಂದರ ಮೇಲೊಂದು ಏರಿಸಿಕೊಂಡು, ಮೂವತ್ತೆಂಟು ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದ. ಪೊಟ್ಟಣವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರೆ ಸಾಕು, ಬ್ರೆಡ್ಡು ಭಟ್ಟಿಯಿಂದ ಇಳಿದು ಎಷ್ಟು ಹೊತ್ತಾಯಿತೆಂದು ಹೇಳಬಲ್ಲವನಾಗಿದ್ದ. ದಿನದ ಮೊದಲ ತುತ್ತು ಅವನಿಗೆ ಭಟ್ಟಿಯ ಬಾಗಿಲಲ್ಲೇ ಸಿಗುತ್ತಿತ್ತು. ಬಿಸಿ ಬ್ರೆಡ್ಡಿನ ತುದಿಯನ್ನು ಮುರಿದು ಚಹಾದಲ್ಲಿ ಅದ್ದಿ ತಿಂದರೇನೇ ಅವನ ಕೈ ಸ್ಟೀರಿಂಗ್ ಹಿಡಿಯುತ್ತಿದ್ದುದು.

ಐವತ್ತೊಂದನೆಯ ವಯಸ್ಸಿಗೆ ಅವನ ಮೈ ಇಳಿಯತೊಡಗಿತು. ಬೆಲ್ಟಿಗೆ ಮೊಳೆಯಿಂದ ಒಂದು ಹೊಸ ತೂತು ಹಾಕಿಕೊಂಡ, ಆಮೇಲೆ ಇನ್ನೊಂದು. ಹೊಟ್ಟೆ ಒಂದು ದಿನ ಉಬ್ಬಿದರೆ ಮೂರು ದಿನ ಹರಿಯುತ್ತಿತ್ತು. ಎರಡು ಟ್ರೇ ಎತ್ತಿದರೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಅಂಗಡಿಗೊಂದು ರೋಗ ಹೇಳಿದರು. ಹುಣ್ಣು ಎಂದವರೊಬ್ಬರು, ಚಿಂತೆ ಎಂದವರೊಬ್ಬರು. ಕೊನೆಗೆ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತ ತೆಗೆದರು, ಗಂಟಲೊಳಗೆ ಕೊಳವೆ ಇಳಿಸಿ ಕರುಳು ನೋಡಿದರು. ಆಮೇಲೆ ಡಾಕ್ಟರಮ್ಮ ಕಾಗದ ಮುಂದಿಟ್ಟುಕೊಂಡು ಹೇಳಿದರು:

"ಗೋಧಿಯಲ್ಲಿ ಗ್ಲುಟನ್ ಅಂತ ಒಂದು ಅಂಟು ಇರುತ್ತೆ. ನಿಮ್ಮ ಕರುಳಿಗೆ ಅದು ವಿಷ. ಗೋಧಿ, ಬಾರ್ಲಿ ಎರಡನ್ನೂ ಬಿಡಬೇಕು. ಒಂದು ಚೂರೂ ಆಗೋದಿಲ್ಲ."

"ಎಷ್ಟು ದಿನ ಬಿಡ್ಬೇಕು?"

"ದಿನದ ಲೆಕ್ಕ ಇಲ್ಲ. ಇರೋವರೆಗೂ. ಅಂದಹಾಗೆ ಏನು ಕೆಲಸ ಮಾಡ್ತೀರಿ?"

ಅವನು ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು.

ಹೆಂಡತಿ ಬಟ್ಟೆ ರಿಪೇರಿಯ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುವವಳು. ಬಿಚ್ಚಿ ಹೊಲಿಯುವುದು ಅವಳಿಗೆ ಹೊಸದಲ್ಲ. ಅದೇ ಸಂಜೆ ಅಡುಗೆಮನೆಯನ್ನೇ ಬಿಚ್ಚಿಹಾಕಿದಳು. ಹಿಟ್ಟಿನ ಡಬ್ಬಿ, ಬಿಸ್ಕತ್ತು, ರಸ್ಕು, ಶ್ಯಾವಿಗೆ ಎಲ್ಲ ಪಕ್ಕದ ಮನೆಗೆ ಹೋಯಿತು. ಕಪಾಟುಗಳನ್ನು ಬಿಸಿನೀರಿನಲ್ಲಿ ತೊಳೆದಳು. ಮರದ ಹಲಗೆ ಬಿಸಾಡಿ ಹೊಸದು ತಂದಳು.

"ನಿನ್ನ ಪಾಲಿಗಾದ್ರೂ ಒಂದು ಬ್ರೆಡ್ಡು ಇಟ್ಕೊಳ್ಳೇ," ಎಂದ ಅವನು.

"ನಿಮಗಿಲ್ಲದ್ದು ನನಗ್ಯಾಕೆ? ಬ್ರೆಡ್ಡು ತಿನ್ನದೆ ಸತ್ತವರನ್ನ ನಾನಂತೂ ನೋಡಿಲ್ಲ."

ಆ ಮಾತನ್ನು ಅವನು ಮೂವತ್ತೆಂಟು ಅಂಗಡಿಗಳಲ್ಲೂ ಹೇಳಿಕೊಂಡು ಬಂದ. ಕಟ್ಟಿಕೊಂಡವಳೆಂದರೆ ಹೀಗಿರಬೇಕು ಎಂದರು ಅಂಗಡಿಯವರು.

ಎರಡು ವರ್ಷದಲ್ಲಿ ಮೈ ಚೇತರಿಸಿಕೊಂಡಿತು. ಬೆಲ್ಟು ಹಳೆಯ ತೂತಿಗೆ ಬಂತು. ಕೆಲಸವನ್ನೂ ಬಿಡಲಿಲ್ಲ, ಅಂಗಳದಲ್ಲಿ ಹಿಟ್ಟಿನ ಧೂಳು ಹಾರುವಾಗ ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳುತ್ತಿದ್ದ, ಊಟದ ಡಬ್ಬಿ ತೆರೆಯುವ ಮುಂಚೆ ಮೊಣಕೈವರೆಗೂ ಸೋಪು ಹಾಕಿ ತೊಳೆಯುತ್ತಿದ್ದ. ಡಬ್ಬಿಯಲ್ಲಿ ಅನ್ನ, ಮೊಟ್ಟೆ, ಆಲೂಗಡ್ಡೆ. ಮರುದಿನ ಆಲೂಗಡ್ಡೆ, ಅನ್ನ, ಮೊಟ್ಟೆ. ಒಮ್ಮೆ ಔಷಧಿ ಅಂಗಡಿಯಲ್ಲಿ ಗ್ಲುಟನ್ ಇಲ್ಲದ ಬಿಸ್ಕತ್ತು ಸಿಕ್ಕಿತೆಂದು ಆಸೆಯಿಂದ ತಂದ. ಸೀಮೆಸುಣ್ಣಕ್ಕೆ ಸಕ್ಕರೆ ಸವರಿದ ಹಾಗಿತ್ತು.

ಕಷ್ಟವಾದದ್ದು ಹಸಿವಿನಿಂದಲ್ಲ. ಅಣ್ಣನ ಮನೆಗೆ ಊಟಕ್ಕೆ ಹೋದಾಗ, "ಒಂದು ತುಂಡಿಗೆ ಏನಾಗುತ್ತೋ ಮಾರಾಯ" ಎಂದು ಅಣ್ಣ ತಟ್ಟೆಗೆ ಬ್ರೆಡ್ಡು ಹಾಕಿಯೇಬಿಟ್ಟ. ಮುಲಾಜಿಗೆ ತಿಂದು ಮೂರು ದಿನ ಹಾಸಿಗೆ ಹಿಡಿದ. ಮುಂದಿನ ಸಲ ಮನೆಯಲ್ಲೇ ಉಂಡು ಹೋಗಿ, ಎಲ್ಲರ ನಡುವೆ ನೀರಿನ ಲೋಟ ಹಿಡಿದು ಕೂತ. ಅತ್ತಿಗೆಗೆ ಬಡಿಸಲು ಸಂಕೋಚ, ಉಣ್ಣುವವರಿಗೆ ಉಣ್ಣಲು ಸಂಕೋಚ. ತನ್ನಿಂದ ನಾಲ್ಕು ಜನರ ಬಾಯಿರುಚಿ ಯಾಕೆ ಕೆಡಬೇಕೆಂದು ಆಮೇಲೆ ಹೋಗುವುದನ್ನೇ ನಿಲ್ಲಿಸಿದ. ಕರೆದರೆ ಡ್ಯೂಟಿ ಇದೆ ಎನ್ನುತ್ತಿದ್ದ. ಕರೆಯುವವರೂ ಕಮ್ಮಿಯಾದರು.

ಹೀಗಿರುವಾಗ ಪ್ರದರ್ಶನ ಮೈದಾನದಲ್ಲಿ ನಾಲ್ಕು ದಿನದ ಆಹಾರ ಮೇಳ ಬಂತು. ಅಲ್ಲಿನ ಒಂದು ಮಳಿಗೆಗೆ ಬನ್ನು ಒದಗಿಸುವ ಕೆಲಸ ಅವನ ಬೇಕರಿಗೆ ಸಿಕ್ಕಿತ್ತು. ಶನಿವಾರ ಹೆಂಡತಿಗೆ ರಜೆ. ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ಹೊರಟಳು. ಅವನು ಹನ್ನೊಂದರ ಹೊತ್ತಿಗೆ ಎಂಟು ಟ್ರೇ ಬನ್ನು ಇಳಿಸಿ, ಬೆಣ್ಣೆ ಕಾಯುವ ವಾಸನೆಗೆ ಮೂಗು ಮುಚ್ಚಿಕೊಂಡು ಬೇಗ ಹೊರಡುವವನಿದ್ದ. ಆದರೆ ಹಿಂದಿನ ಗೇಟಿನಲ್ಲಿ ನೀರಿನ ಟ್ಯಾಂಕರು ಕೆಟ್ಟು ಅಡ್ಡ ನಿಂತಿತ್ತು. "ಅರ್ಧ ಗಂಟೆ ಆಗುತ್ತೆ, ಒಂದು ಸುತ್ತು ಹಾಕ್ಕೊಂಡು ಬನ್ನಿ," ಎಂದ ಕಾವಲಿನವನು.

ಸುತ್ತು ಹಾಕುವಾಗ, ಐಸ್‌ಕ್ರೀಮ್ ಮಳಿಗೆಗಳು ಮುಗಿದು ಇನ್ನೇನು ತಂತಿ ಬೇಲಿ ಬಂತು ಎನ್ನುವಲ್ಲಿ ಹಸಿರು ಬಟ್ಟೆಯ ಮೇಲೆ ಬರೆದ ಬೋರ್ಡು ಕಂಡಿತು: ಗ್ಲುಟನ್ ಫ್ರೀ ಸಾಲು. ಯಾವುದೋ ಒಂದು ಅಂಗಡಿಯಿರಬೇಕು ಎಂದುಕೊಂಡ. ಏಳಿದ್ದವು. ಹಕ್ಕಿಯ ಚಿತ್ರದ ಡಬ್ಬಿಯಲ್ಲಿ ಬಿಸ್ಕತ್ತು ಮಾರುವವರು, ನೀಲಿ ಪೊಟ್ಟಣದಲ್ಲಿ ಅಕ್ಕಿಯ ನೂಡಲ್ಸ್ ಮಾರುವವರು, ಕೇಕಿಗೆಂದೇ ಬೆರೆಸಿಟ್ಟ ಹಿಟ್ಟಿನವರು, ಬ್ರೆಡ್ಡಿನವರು ಇಬ್ಬರು. ಅವನು ಆ ಹೆಸರುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಈ ಊರಿನಲ್ಲೇ ಮಾಡುತ್ತಾರಂತೆ. ಬ್ರೆಡ್ಡು ಹೊತ್ತು ದಿನಾ ಅವರ ಬೀದಿಯಲ್ಲೇ ಓಡಾಡಿದ್ದನೇನೋ.

ಮೊದಲನೆಯ ಬ್ರೆಡ್ಡಿನ ಚೂರು ಬಾಯಲ್ಲಿ ಕರಗಲಿಲ್ಲ, ಮುರಿಯಲೂ ಇಲ್ಲ. ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟು. ಎರಡನೆಯ ಮಳಿಗೆಯಲ್ಲಿ ತೋಳು ಮಡಿಚಿ, ಕೈಗವಸು ಹಾಕಿಕೊಂಡ ನರೆಗೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳಂತೆ, ನಿವೃತ್ತಿಯ ಮೇಲೆ ಬ್ರೆಡ್ಡು ಸುಡುತ್ತಿದ್ದಳು. ಅವನು ರೂಢಿಯ ಪ್ರಶ್ನೆ ಹಾಕಿದ:

"ಇದೇ ಭಟ್ಟೀಲಿ ಗೋಧೀದೂ ಸುಡ್ತೀರಾ?"

ಈ ಪ್ರಶ್ನೆಗೆ ಜನ ಸಾಮಾನ್ಯವಾಗಿ ಮುಖ ಸಿಂಡರಿಸುತ್ತಿದ್ದರು. ಇವಳು ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು.

"ಕಾಯಿಲೆ ನಿಮಗಾ, ಮನೆಯವರಿಗಾ?"

"ನನಗೇ. ಎರಡು ವರ್ಷ ಆಯ್ತು."

"ನನಗೆ ಹದಿನೇಳು. ನಮ್ಮ ಭಟ್ಟಿಮನೆ ಹೊಸಿಲು ಗೋಧಿ ದಾಟಿಲ್ಲ. ಅದಿರಲಿ, ನಿಮ್ಮ ಜಾಕೆಟ್ ಯಾವುದೋ ಬೇಕರಿದಲ್ವಾ? ತೋಳಿನ ಮೇಲೆಲ್ಲ ಹಿಟ್ಟು! ದೂರ ನಿಂತ್ಕೊಳ್ಳಿ ಸ್ವಾಮಿ, ದೂರ! ಜಾಕೆಟ್ ಆ ಕಂಬಕ್ಕೆ ಹಾಕಿ, ಅಲ್ಲಿ ನಲ್ಲಿ ಇದೆ, ಕೈ ತೊಳ್ಕೊಂಡು ಬನ್ನಿ."

ಎರಡು ವರ್ಷ ಲೋಕವನ್ನೆಲ್ಲ ಅನುಮಾನದಿಂದ ನೋಡಿದವನು ಮೊದಲ ಸಲ ತಾನೇ ಅನುಮಾನಕ್ಕೆ ಗುರಿಯಾಗಿದ್ದ. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಅವನಿಗೆ ನೆನಪಿಲ್ಲ. ಓಡಿಹೋಗಿ ಕೈ ತೊಳೆದು ಬಂದ. ಅವಳು ಒಂದು ಹೋಳು ಕೊಟ್ಟಳು. ಎರಡು ಬೆರಳಲ್ಲಿ ಒತ್ತಿ ನೋಡಿದ.

"ಒತ್ತಿದ್ದು ಮೇಲಕ್ಕೆ ಬರ್ತಾ ಇಲ್ಲ."

"ಬರಲ್ಲ. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆ ಹಿಟ್ಟಿನ ಬ್ರೆಡ್ಡು, ಗೋಧೀದಲ್ಲ. ಇದರಲ್ಲಿ ಅದನ್ನ ಹುಡುಕೋದು ಬಿಡಿ, ಆಗ ಇದರ ರುಚಿ ಗೊತ್ತಾಗುತ್ತೆ."

ಬಾಯಿಗಿಟ್ಟುಕೊಂಡ. ಹೊರಗಿನ ಪದರ ಕರುಮ್ಮೆಂದಿತು. ಒಳಗೆ ಮೃದು, ಸ್ವಲ್ಪ ಹುಳಿ, ಸ್ವಲ್ಪ ಹೊಗೆಯ ಘಮ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನು ಹೆದರದೆ ಅಗಿದ. ಅಲ್ಲಿಂದ ಹಕ್ಕಿಯ ಡಬ್ಬಿ, ನೀಲಿ ಪೊಟ್ಟಣ, ಕೇಕು. "ಯಾವುದು ಕೊಡಲಿ?" ಎಂದು ಬಿಸ್ಕತ್ತಿನವನು ಕೇಳಿದಾಗ ಅವನು ಪೆಚ್ಚಾಗಿ ನಿಂತ. ಬೇಡ ಎನ್ನುವುದನ್ನೇ ಕಲಿತ ನಾಲಿಗೆಗೆ ಯಾವುದು ಬೇಕೆಂಬ ಪ್ರಶ್ನೆ ಮರೆತೇಹೋಗಿತ್ತು. ಆಗಷ್ಟೇ ಅವನ ಕಣ್ಣು ತೇವವಾಯಿತು.

ಮತ್ತೆ ಬ್ರೆಡ್ಡಿನವಳ ಹತ್ತಿರ ಬಂದು ಎರಡು ಬ್ರೆಡ್ಡು ಕಟ್ಟಿಸಿಕೊಂಡ. "ಒಂದು ನನ್ನ ಹೆಂಡ್ತಿಗೆ. ಅವಳೂ ಗೋಧಿ ಬಿಟ್ಟಿದ್ದಾಳೆ."

"ಅವರಿಗೂ ಕಾಯಿಲೆನಾ?"

"ಇಲ್ಲ, ನನಗೋಸ್ಕರ."

ಅವಳು ದಾರ ಸುತ್ತುತ್ತಾ ನಕ್ಕಳು. "ನಮ್ಮ ಯಜಮಾನರೂ ಬಿಟ್ಟಿದ್ರು, ಮೊದಲನೇ ವರ್ಷ."

"ಆಮೇಲೆ?"

"ಆಮೇಲೆ ಸಿಕ್ಕಿಬಿದ್ರು. ಸ್ಕೂಟರ್ ಡಿಕ್ಕೀಲಿ ಬಿಸ್ಕತ್ತು."

ಅವನೂ ನಕ್ಕ. ಪಾಪ, ಎಲ್ಲರ ಸಂಸಾರವೂ ತನ್ನ ಸಂಸಾರದಂತಿರುತ್ತದೆಯೇ ಎಂದುಕೊಳ್ಳುತ್ತಾ ಗೇಟಿನ ಕಡೆ ಹೊರಟ.

ದಾರಿಯಲ್ಲಿ ಮರದ ಕೆಳಗಿನ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಅವಳ ತಂಗಿ. ಹೆಂಡತಿಯ ಕೈಯಲ್ಲಿ ಬೆಣ್ಣೆ ಸವರಿದ ಬನ್ನು. ನೆತ್ತಿಯ ಮೇಲಿನ ಎಳ್ಳು ನೋಡಿಯೇ ಗೊತ್ತಾಯಿತು, ಒಂದು ಗಂಟೆಯ ಹಿಂದೆ ಅವನೇ ಇಳಿಸಿದ ಬನ್ನು ಅದು. ಬೆಕ್ಕು ಹಾಲು ಕುಡಿಯುವ ಹಾಗೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು.

ಅವನು ಹಣ್ಣಿನ ರಸದ ಮಳಿಗೆಯ ಹಿಂದೆ ಸರಿದ. ಮೊದಲು ಕಿವಿ ಬಿಸಿಯಾಯಿತು. ಮೂವತ್ತೆಂಟು ಅಂಗಡಿಗಳಲ್ಲಿ ಕೊಚ್ಚಿಕೊಂಡದ್ದು ನೆನಪಾಗಿ ಇನ್ನಷ್ಟು ಬಿಸಿಯಾಯಿತು. ಈ ತಿಂಗಳಲ್ಲಿ ತಂಗಿಯ ಮನೆಗೆ ಎಷ್ಟು ಸಲ ಹೋದಳು? ನಾಲ್ಕೋ, ಐದೋ? ಹೋಗಿ ಎದುರಿಗೆ ನಿಂತುಬಿಡೋಣ ಎಂದು ಹೆಜ್ಜೆ ಎತ್ತಿದ.

ಅಷ್ಟರಲ್ಲಿ ಅವಳು ಬನ್ನು ಮುಗಿಸಿ ಎದ್ದಳು. ಚೀಲದಿಂದ ನೀರಿನ ಬಾಟಲಿ ತೆಗೆದು ಬೇಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು, ಒಂದು ಸಲವಲ್ಲ, ನಾಲ್ಕು ಸಲ. ಸೋಪಿನ ಚೂರು ತೆಗೆದು ಮೊಣಕೈವರೆಗೂ ತೊಳೆದಳು. ಉಗುರಿನ ಸಂದುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆಮೇಲೆ ತಂಗಿಯ ಕಡೆ ಬೆನ್ನು ತಿರುಗಿಸಿ ನಿಂತಳು; ತಂಗಿ ಅವಳ ಬಟ್ಟೆಯನ್ನು ಭುಜದಿಂದ ಕೆಳಗಿನವರೆಗೂ ಕೊಡವಿದಳು. ಇಬ್ಬರ ಕೈಗೂ ಆ ಕೆಲಸ ಎಷ್ಟು ಪಳಗಿತ್ತೆಂದರೆ ಮಾತಿನ ಅಗತ್ಯವೇ ಬೀಳಲಿಲ್ಲ.

ಅವನ ಎತ್ತಿದ ಹೆಜ್ಜೆ ಅಲ್ಲೇ ನಿಂತಿತು. ಅವರಿಬ್ಬರೂ ಮತ್ತೆ ಕೂತ ಮೇಲೆ, ಹೋಗಿ ಬೆಂಚಿನ ತುದಿಯಲ್ಲಿ ಕೂತ.

"ತಂಗಿ ಮನೆ ಇಲ್ಲಿಗೆ ಯಾವಾಗ ಬಂತೇ?"

ಹೆಂಡತಿಯ ಮುಖ ಬಿಳಿಚಿಕೊಂಡಿತು. ತಂಗಿ, "ಅಯ್ಯೋ ಭಾವ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಮೊದಲನೇ ತಿಂಗಳಿಂದ," ಎಂದಳು ಹೆಂಡತಿ, ನೆಲ ನೋಡುತ್ತಾ.

"ಸುಳ್ಳು ಯಾಕೆ ಹೇಳ್ತೀಯ ಅಕ್ಕ? ಮೊದಲನೇ ವಾರದಿಂದ ಭಾವ."

ಅವನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದೇ ತಡ, ಹೆಂಡತಿಯ ಕಣ್ಣಲ್ಲಿ ನೀರು ಬಂತು.

"ನಿಮ್ಮೆದುರಿಗೆ ತಿನ್ನೋಕೆ ಮನಸ್ಸು ಒಪ್ಪಲಿಲ್ಲ ರೀ. ಬಿಡೋಕೂ ಆಗಲಿಲ್ಲ. ದೊಡ್ಡದಾಗಿ ಮಾತು ಕೊಟ್ಟುಬಿಟ್ಟಿದ್ದೆ."

"ನಾನೇ ಇಟ್ಕೋ ಅಂದಿದ್ನಲ್ಲೇ."

"ಅಂದಿದ್ರಿ. ಆದ್ರೆ ನಾನು ಬೇಡ ಅಂದಾಗ ನಿಮ್ಮ ಮುಖ ಹೆಂಗೆ ಅರಳ್ತು ಅಂತ ನನಗೆ ಗೊತ್ತು." ಅವಳು ಕಣ್ಣೊರೆಸಿಕೊಂಡಳು. "ಬ್ರೆಡ್ಡಿಂದು ಬಿಡಿ, ಅದು ಹೆಂಗೋ ನಡೀತಿತ್ತು. ನೀವು ಯಾರ ಮನೆಗೂ ಹೋಗೋದು ಬಿಟ್ರಿ. ನಾನೊಬ್ಬಳೇ ಹೋದ್ರೆ ನಿಮ್ಮನ್ನ ಬಿಟ್ಟು ಹೋದ ಹಾಗಾಗುತ್ತೆ ಅಂತ ನಾನೂ ಬಿಟ್ಟೆ. ಎರಡು ವರ್ಷದಿಂದ ನನಗೆ ಈ ತಂಗಿ ಬಿಟ್ರೆ ಮಾತಿಗೆ ಯಾರಿದಾರೆ ಹೇಳಿ?"

ತಾನು ನಾಲ್ಕು ಜನರಿಗೆ ತೊಂದರೆ ಕೊಡಬಾರದೆಂದು ಮನೆಯಲ್ಲಿ ಕೂತಿದ್ದ. ಜೊತೆಗೆ ಇನ್ನೊಬ್ಬಳೂ ಕೂತಿದ್ದಾಳೆಂಬುದು ಹೊಳೆದಿರಲಿಲ್ಲ. ಅವಳಿಂದ ಗೋಧಿಗಿಂತ ದೊಡ್ಡದನ್ನೇ ಬಿಡಿಸಿದ್ದ. ಬ್ರೆಡ್ಡಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. "ಏಳು, ಒಬ್ಬರನ್ನ ತೋರಿಸ್ತೀನಿ," ಎಂದ.

ಬ್ರೆಡ್ಡಿನವಳು ಇಬ್ಬರನ್ನೂ ನೋಡಿದಳು. ಹೆಂಡತಿಯ ಕೆಂಪಾದ ಕಣ್ಣು ನೋಡಿದ ಮೇಲೆ ವಿವರಿಸುವ ಕೆಲಸವೇ ಉಳಿಯಲಿಲ್ಲ.

"ಬನ್ನೋ, ಬಿಸ್ಕತ್ತೋ?" ಎಂದು ಮೆಲ್ಲಗೆ ಕೇಳಿದಳು.

"ಬನ್ನು," ಎಂದಳು ಹೆಂಡತಿ.

"ನಮ್ಮನೇಲಿ ಯಜಮಾನರಿಗೆ ಬೇರೆ ಕಪಾಟು, ಬೇರೆ ಚಾಕು, ಬೇರೆ ಹಲಗೆ. ತಿಂದ ಮೇಲೆ ಒರೆಸೋ ಬಟ್ಟೇನೂ ಬೇರೆ. ಹದಿನಾರು ವರ್ಷ ಆಯ್ತು, ಏನೂ ಆಗಿಲ್ಲ. ಒಬ್ಬರ ಪಥ್ಯಕ್ಕೆ ಇಬ್ಬರು ಉಪವಾಸ ಯಾಕೆ?"

ಮುಂದಿನ ವಾರವೇ ಅವರ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯಿಂದ ಆದಷ್ಟು ದೂರದಲ್ಲಿ, ಬಾಗಿಲಿರುವ ಒಂದು ಚಿಕ್ಕ ಕಪಾಟು ಗೋಡೆ ಹತ್ತಿತು. ಅವನೇ ಮೊಳೆ ಹೊಡೆದ. ಅದರೊಳಗಿನ ಬ್ರೆಡ್ಡನ್ನು ಎರಡು ದಿನಕ್ಕೊಮ್ಮೆ ಅವನೇ ಆರಿಸಿ, ಎರಡು ಕವರಿನಲ್ಲಿ ಸುತ್ತಿ ತರುತ್ತಿದ್ದ. ಮೊದಮೊದಲು ಅವಳು ಅವನಿಗೆ ಬೆನ್ನು ಹಾಕಿ ತಿನ್ನುತ್ತಿದ್ದಳು. ಆಮೇಲೆ ಪಕ್ಕಕ್ಕೆ ತಿರುಗಿ. ಎದುರಾಬದುರು ಕೂತು ತಿನ್ನಲು ಮೂರು ತಿಂಗಳು ಹಿಡಿಯಿತು. ಅವನಿಗೂ ಕೆಲವು ಬೆಳಗ್ಗೆ ಆ ವಾಸನೆ ತಡೆಯಲಾಗುತ್ತಿರಲಿಲ್ಲ. ಆಗ ಚಹಾದ ಲೋಟ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಮೇಳದ ಏಳು ಮಳಿಗೆಯವರಲ್ಲಿ ಇಬ್ಬರು ವರ್ಷದೊಳಗೆ ವ್ಯಾಪಾರ ಮುಚ್ಚಿದರು. ಉಳಿದ ಐವರಲ್ಲಿ ಹಕ್ಕಿಯ ಡಬ್ಬಿಯವರೂ ನರೆಗೂದಲಿನವಳೂ ಇದ್ದರು. ಅವನು ಅಂಗಡಿ ಅಂಗಡಿಯಲ್ಲಿ ಅವಳ ಬ್ರೆಡ್ಡಿನ ವಿಷಯ ಹೇಳಿ, ಅದನ್ನು ಮಾರಲು ಇಬ್ಬರು ಅಂಗಡಿಯವರನ್ನು ಒಪ್ಪಿಸಿದ. ಆದರೆ ಸರಕನ್ನು ಮಾತ್ರ ತನ್ನ ವ್ಯಾನಿನಲ್ಲಿ ಒಯ್ಯಲು ಅವನೂ ಕೇಳಲಿಲ್ಲ, ಅವಳೂ ಕೊಡಲಿಲ್ಲ.

ಹೆಂಡತಿಯ ಜೊತೆ ಅಣ್ಣನ ಮನೆಗೆ ಮತ್ತೆ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ತನ್ನ ತಟ್ಟೆ, ತನ್ನ ಚಾಕು, ಡಬ್ಬಿಯಲ್ಲಿ ತನ್ನ ಬ್ರೆಡ್ಡು. ಅಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಅವನನ್ನು ಕಣ್ಣಲ್ಲೇ ಸುಮ್ಮನಿರಿಸಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ಕೈಯೊಡ್ಡಿದಳು.

"ಒಂದು ಚೂರು ಕೊಡು ನೋಡೋಣ, ನೀನೊಬ್ಬನೇ ಏನು ತಿಂತೀಯ ಅಂತ."

ಅವನು ಕೊಟ್ಟ. ಅವಳು ಅಗಿದು, ಯೋಚಿಸಿ, "ಪರವಾಗಿಲ್ಲ. ಉಪ್ಪು ಒಂದು ಕಾಳು ಮುಂದಿದ್ದಿದ್ರೆ ಚೆನ್ನಾಗಿರ್ತಿತ್ತು," ಎಂದಳು.

ಊಟವಾಗಿ, ತಟ್ಟೆ ತೊಳೆದು ಚೀಲಕ್ಕೆ ಹಾಕಿಕೊಂಡು, ಅವನು ಹೊರಡಲು ಎದ್ದು ನಿಂತ. ಒಳಕೋಣೆಯಿಂದ ಹೆಂಡತಿಯೂ ಅತ್ತಿಗೆಯೂ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರದು ಶುರುವಾಗುತ್ತಿತ್ತು. ಎರಡು ಸಲ ಕರೆದ. ಎರಡು ಸಲವೂ "ಬಂದೆ ರೀ" ಎಂದಳು, ಬರಲಿಲ್ಲ. ಅವನು ಚೀಲವನ್ನು ಕೆಳಗಿಟ್ಟು ಅಣ್ಣನ ಪಕ್ಕದಲ್ಲಿ ಮತ್ತೆ ಕೂತುಕೊಂಡ.