ಶಿಲುಬೆ ಬದಿಯ ದಾರಿ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ನಂಬುತ್ತಿರಲಿಲ್ಲ. ನಮ್ಮ ಉಡುಪಿ ಕಡೆ ದೈವ ಮೈಮೇಲೆ ಬರುವುದನ್ನು ಸಣ್ಣಂದಿನಿಂದ ನೋಡಿದವಳು ನಾನು. ಅದಕ್ಕೆ ಕೈಮುಗಿಯುತ್ತೇನೆ, ಅದು ಬೇರೆ. ಆದರೆ ಯಾರಿಗೋ ಸತ್ತವರ ಸ್ವರ ಕೇಳಿಸಿತು, ಯಾರಿಗೋ ನೋಡದ ಊರು ಕಂಡಿತು ಎಂದರೆ, ಇವರಿಗೆ ನಿದ್ದೆ ಸಾಲದು ಎಂದೇ ಹೇಳುತ್ತಿದ್ದೆ. ಈಗ ನಾನೇ ಬರೆಯಲು ಕುಳಿತಿದ್ದೇನೆ. ಓದಿದ್ದು ಏಳನೆಯ ತರಗತಿ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಡೆದದ್ದಕ್ಕೆ ನಾನು ಏನನ್ನೂ ಸೇರಿಸಿಲ್ಲ. ನನ್ನ ತಪ್ಪನ್ನು ಬಿಟ್ಟೂ ಇಲ್ಲ.

ನನಗೆ ಒಬ್ಬನೇ ತಮ್ಮ, ವಾಸು. ಅಮ್ಮ ಬೇಗ ತೀರಿಹೋದ ಕಾರಣ ಅವನನ್ನು ಬೆಳೆಸಿದವಳು ನಾನು. ಮಧ್ಯಾಹ್ನ ನಾನು ಬೀಡಿ ಕಟ್ಟುತ್ತಿದ್ದರೆ ಅವನು ಎದುರು ಕುಳಿತು ಎಲೆ ಕತ್ತರಿಸಿ ಕೊಡುತ್ತ ಏನಾದರೂ ಕತೆ ಹೇಳುತ್ತಿದ್ದ. ಕತೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರಿಗೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ನನ್ನ ಹೂಂ ನಿಂತರೆ ಅವನ ಕತೆಯೂ ನಿಲ್ಲುತ್ತಿತ್ತು. ದೊಡ್ಡವನಾದ ಮೇಲೂ ಯಾವ ಕೆಲಸಕ್ಕೂ ಅವನಿಗೆ ನನ್ನ ಹೂಂ ಬೇಕಿತ್ತು. ಮುಂಬಯಿಯ ಹೋಟೆಲು ಕೆಲಸಕ್ಕೆ ಹೊರಟಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ಅಕ್ಕ, ಹೋಗಲಾ?” ಎಂದು ಕೇಳಿದ. ಹಿಂದಿನವರು ಬೈಯುತ್ತಿದ್ದರೂ ನಾನು ಹೂಂ ಎನ್ನುವ ತನಕ ಒಳಗೆ ಹೋಗಲಿಲ್ಲ.

ಮುಂಬಯಿಯಿಂದ ಅವನು ಸ್ವಿಟ್ಜರ್‌ಲೆಂಡಿಗೆ ಹೋದ. ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಸಣ್ಣ ಊರು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಸ್ಸುಗಟ್ಟಲೆ ಬರುವ ನಮ್ಮ ದೇಶದ ಪ್ರವಾಸಿಗಳಿಗೆ ಉಪ್ಪಿಟ್ಟು, ಅನ್ನ, ಸಾಂಬಾರು ಮಾಡಿ ಬಡಿಸಲು ಅಲ್ಲಿಯ ಒಂದು ಹೋಟೆಲಿನವರಿಗೆ ಅಡುಗೆಯವರು ಬೇಕಿತ್ತು. ಅಷ್ಟರಲ್ಲಿ ನಾನು ಮದುವೆಯಾಗಿ ಸಿಡ್ನಿಗೆ ಬಂದಿದ್ದೆ. ನನ್ನ ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು. ಕಾಲಿಂಗ್ ಕಾರ್ಡಿನ ಕಾಲ ಅದು. ವಾಸು ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದ.

ಮಾತೆಲ್ಲ ಆ ಊರಿನದ್ದೇ. ಅವನಿಗೆ ಅದು ಹುಚ್ಚು ಹಿಡಿದ ಹಾಗೆ ಹಿಡಿದಿತ್ತು. ಯಾವಾಗಲೂ ಕೆಳಗಿನ ಹೊಳೆಯಿಂದ ಆರಂಭಿಸಿ ಮೇಲೆ ಮೇಲೆ ಹೋಗುತ್ತಿದ್ದ. ಅಷ್ಟು ಮಾತ್ರ ನನಗೆ ನೆನಪಿತ್ತು. ನಾವು ಆಡುತ್ತಿದ್ದದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಕ್ಕ, ಕೇಳ್ತಾ ಉಂಟಾ? ಇಲ್ಲಿ ಊರ ಮೇಲಿನ ಕಾಡಿನಲ್ಲಿ ಒಂದು ಕೊಂಬೆ ಸಹ ಕಡಿಲಿಕ್ಕೆ ಇಲ್ಲ. ಅಜ್ಜಂದಿರ ಕಾಲದ ಕಟ್ಟುಪಾಡು. ಮರ ಹೋದ್ರೆ ಹಿಮ ಸೀದಾ ಬಂದು ಇಗರ್ಜಿ ಮೇಲೆ ಕೂತ್ಕೊಳ್ತದೆ.”

“ಹೂಂ.”

“ಎಂತ ಹೂಂ? ನಾನೀಗ ಎಂತ ಹೇಳಿದೆ, ಹೇಳು ನೋಡುವ.”

“ನಿನ್ನ ದನದ ಕತೆ.”

“ದನ ಇನ್ನೂ ಕೊಟ್ಟಿಗೆಯಿಂದ ಹೊರಟದ್ದೇ ಇಲ್ಲ ಮಾರಾಯ್ತಿ. ಕಾಡಿನಲ್ಲೇ ಇದ್ದೇವೆ ನಾವು.” ನಗುತ್ತಿದ್ದ. ಮತ್ತೆ ಹೊಳೆಯಿಂದ ಆರಂಭಿಸುತ್ತಿದ್ದ.

ಆಗ ಸಿಕ್ಕಿಬಿದ್ದದ್ದರಿಂದ ಅಷ್ಟು ಮಾತು ನೆನಪುಳಿದಿದೆ. ಉಳಿದಂತೆ ನಾನು ಕೇಳುತ್ತಿರಲಿಲ್ಲ. ಕೆಲಸವಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಇಂಡಿಯನ್ ಅಂಗಡಿಯಿಂದ ಬಾಡಿಗೆಗೆ ತಂದ ಧಾರಾವಾಹಿಯ ಕ್ಯಾಸೆಟ್ ಹಾಕಿ, ಟಿವಿಯ ಸದ್ದು ಇಳಿಸಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಚಿತ್ರ ನೋಡುತ್ತ ಕೂರುತ್ತಿದ್ದೆ. ಅವನ ಸ್ವರ ಎಲ್ಲಿ ಸ್ವಲ್ಪ ನಿಲ್ಲುತ್ತದೋ ಅಲ್ಲಿ ಹೂಂ ಎನ್ನುತ್ತಿದ್ದೆ. ಬೀಡಿ ಕಟ್ಟುವಾಗಿನಿಂದ ಆದ ಅಭ್ಯಾಸ, ತಪ್ಪುತ್ತಲೇ ಇರಲಿಲ್ಲ.

ಒಂದು ಮೇ ತಿಂಗಳ ಕೊನೆಗೆ ಅವನ ಕೋಣೆಯಲ್ಲಿದ್ದ ಕುಂದಾಪುರದ ಹುಡುಗ ಫೋನ್ ಮಾಡಿದ. ವಾಸು ಹೋಗಿಬಿಟ್ಟಿದ್ದ.

ನಡೆದದ್ದು ಇಷ್ಟು. ದನಗಳನ್ನು ಬೇಸಗೆಯ ಹುಲ್ಲುಗಾವಲಿಗೆ ಏರಿಸುವ ಮೊದಲು ಆ ಊರಿನ ಪ್ರತಿ ಮನೆಯಿಂದ ಒಬ್ಬರು ಹೋಗಿ ಮೇಲಿನ ದಾರಿಯನ್ನೂ ನೀರಿನ ತೋಡನ್ನೂ ಸರಿಮಾಡಬೇಕು. ಅದು ಊರ ಕೆಲಸ, ತಪ್ಪಿಸುವ ಹಾಗಿಲ್ಲ. ಹೋಟೆಲಿನ ಯಜಮಾನರಿಗೆ ಸೊಂಟನೋವು, ವಾಸುವನ್ನು ಕಳುಹಿಸಿದರು. ದಾರಿಯಲ್ಲಿ ಒಂದು ಕೊರಕಲು. ಅದರ ಮೇಲೆ ಹಿಮ ಗಟ್ಟಿಯಾಗಿ ಕೂತು ಸೇತುವೆಯ ಹಾಗಿತ್ತು. ಅವನು ಕಾಲಿಟ್ಟಾಗ ಕುಸಿಯಿತು.

“ಅವನಿಗೆ ಹೋಪ್ಕೆ ಮನ್ಸಿರ್ಲಿಲ್ಲ ಅಕ್ಕ,” ಎಂದ ಕುಂದಾಪುರದ ಹುಡುಗ. “ಆ ಜಾಗ ಕಂಡ್ರೆ ಹೆದ್ರಿಕೆ ಅಂದಿದ್ದ. ಅಕ್ಕನ ಹತ್ರ ಕೇಳ್ತೆ, ಅವಳು ಬೇಡ ಅಂದ್ರೆ ಯಜಮಾನ್ರಿಗೆ ಹಾಗೇ ಹೇಳ್ತೆ ಅಂದ. ಫೋನ್ ಇಟ್ಟ ಮೇಲೆ, ಅಕ್ಕ ಹೂಂ ಹೇಳಿದ್ಲು ಅಂದ.”

ನನಗೆ ಆ ಪ್ರಶ್ನೆಯೇ ನೆನಪಿಲ್ಲ. ಆ ದಿನ ಧಾರಾವಾಹಿಯಲ್ಲಿ ಏನಾಯಿತು ಎಂಬುದು ನೆನಪಿದೆ. ದೇಹ ಊರಿಗೆ ಬಂತು, ನಾನೂ ಹೋದೆ. ಅತ್ತೆ, ಚಿಕ್ಕಪ್ಪ, ನೆರೆಯವರು, ಯಾರಿಗೂ ಆ ಹೂಂನ ವಿಷಯ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಸಿಡ್ನಿಯ ಮನೆಯಲ್ಲಿ ಫೋನ್ ಬಡಿದುಕೊಂಡರೆ ನಾನು ಎತ್ತುತ್ತಿರಲಿಲ್ಲ. ಮೆಲ್ಬರ್ನಿನಲ್ಲಿ ಗಂಡನ ಗೆಳೆಯರಿದ್ದರು, ನಾವು ಅಲ್ಲಿಗೆ ಹೋದೆವು. ಅಲ್ಲಿಯ ಕ್ಲೇಟನ್ ಎಂಬ ಬಡಾವಣೆಯಲ್ಲಿ ರೆಂಟ್‌ಗೆ ಮನೆ ಸಿಕ್ಕಿತು. ನನಗೆ ಗ್ಲೆನ್ ವೇವರ್ಲಿಯ ಹತ್ತಿರ ವೃದ್ಧರ ನಿಲಯವೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ತರಕಾರಿ ಹೆಚ್ಚುವುದು, ಟ್ರೇ ಜೋಡಿಸುವುದು, ಕೋಣೆಗಳಿಗೆ ಕೊಂಡುಹೋಗುವುದು.

ಕೆಲವು ವರ್ಷಗಳ ಮೇಲೆ ಅಲ್ಲಿಗೆ ಹೆಡಿ ಎಂಬ ಅಜ್ಜಿ ಬಂದರು. ಅವರ ಕೋಣೆಯ ಬಾಗಿಲಿನಲ್ಲಿ ಒಂದು ದೊಡ್ಡ ಫೋಟೋ, ಬೆಟ್ಟ, ಇಗರ್ಜಿ, ಬಿಸಿಲಿಗೆ ಕಪ್ಪಾದ ಮರದ ಮನೆಗಳು. ಅಡಿಯಲ್ಲಿ ಊರಿನ ಹೆಸರು. ವಾಸುವಿನ ಊರು. ಟ್ರೇಯನ್ನು ನೆಲಕ್ಕಿಟ್ಟು ಆ ಹೆಸರನ್ನು ಇನ್ನೊಮ್ಮೆ ಓದಿದೆ. ಹೆಡಿ ಆ ಊರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಗಂಡನ ಜೊತೆ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಬಂದವರು. ಈಗ ನೆನಪು ಕೆಟ್ಟಿತ್ತು. ದಿನಾ ಮಧ್ಯಾಹ್ನ ಕೈಚೀಲ ಹಿಡಿದು ಊಟದ ಕೋಣೆಯ ಬಾಗಿಲಲ್ಲಿ ನಿಂತು, ಊರಿಗೆ ಹೋಗಬೇಕು, ದನ ಏರಿಸುವ ಹೊತ್ತಾಯಿತು ಎನ್ನುತ್ತಿದ್ದರು. ಕೆಲಸದವರೆಲ್ಲ, ನಾಳೆ ಹೋಗುವಾ ಎಂದು ಕೂರಿಸುತ್ತಿದ್ದರು.

ನಾನು ಅವರ ಟ್ರೇಯನ್ನು ಮನ್‌ಪ್ರೀತ್ ಎಂಬ ಪಂಜಾಬಿ ಹುಡುಗಿಯ ಕೈಗೆ ದಾಟಿಸತೊಡಗಿದೆ.

“ಆ ಅಜ್ಜಿ ಕಚ್ಚುತ್ತಾರಾ ದೀದಿ?” ಎಂದು ಅವಳು ಹಿಂದಿಯಲ್ಲಿ ಕೇಳಿದಳು. “ಅವರಿಗೆ ಹಲ್ಲೇ ಇಲ್ಲ.”

ಜುಲೈ ತಿಂಗಳು, ಇಲ್ಲಿ ಆಗ ಚಳಿಗಾಲ. ಒಂದು ಮೋಡದ ಮಧ್ಯಾಹ್ನ ಮನ್‌ಪ್ರೀತ್ ರಜೆಯಲ್ಲಿದ್ದಳು. ಸೂಪಿನ ಬಟ್ಟಲು ಹಿಡಿದು ನಾನೇ ಹೋಗಬೇಕಾಯಿತು. ಹೆಡಿ ಚೀಲ ಹಿಡಿದು ನಿಂತೇ ಇದ್ದರು. ನನ್ನ ಮುಖವನ್ನು ತುಂಬ ಹೊತ್ತು ನೋಡಿ ತಮ್ಮ ಮುರಿದ ಇಂಗ್ಲಿಷಿನಲ್ಲಿ, “ಮೇಲಿನ ದಾರಿ ತೆರೆದಿದೆಯಾ?” ಎಂದು ಕೇಳಿದರು.

ನಾಳೆ ಎನ್ನಲು ಬಾಯಿ ತೆರೆದೆ. ಬಾಯಿಯಿಂದ ಬಂದದ್ದು ಬೇರೆ.

ಹೊಳೆಯಿಂದ ಆರಂಭವಾಯಿತು. ಹಿಮನದಿಯಿಂದ ಇಳಿಯುವ ಹೊಳೆ, ಬೇಸಗೆಯಲ್ಲೂ ಹಾಲಿನ ಹಾಗೆ ಬೆಳ್ಳಗೆ. ಅದರ ಒಂದು ಬದಿಗೆ ಬಿಸಿಲು, ಮನೆಗಳೆಲ್ಲ ಆ ಬದಿಗೆ. ಇನ್ನೊಂದು ಬದಿಗೆ ಚಳಿಗಾಲದಲ್ಲಿ ಸೂರ್ಯನೇ ಇಲ್ಲ, ಅಲ್ಲಿ ಕಾಡು. ಇಲಿ ಹತ್ತಬಾರದೆಂದು ಚಪ್ಪಟೆ ಕಲ್ಲುಗಳ ಮೇಲೆ ನಿಲ್ಲಿಸಿದ ಧಾನ್ಯದ ಕಣಜಗಳು. ಅಪ್ಪನಿಂದ ಮಕ್ಕಳಿಗೆ ಪಾಲಾಗಿ ಪಾಲಾಗಿ ಚಾಪೆಯಷ್ಟಾದ ಗದ್ದೆಗಳು. ಹೊಟ್ಟೆಗಿಲ್ಲದೆ ಪರದೇಶದ ರಾಜರ ಸೈನ್ಯಕ್ಕೆ ಸೇರಿದ ಗಂಡಸರು, ಮತ್ತೆ ಹಡಗು ಹತ್ತಿದವರು. ಆಮೇಲೆ ಬೆಟ್ಟ ಕೊರೆದು ಬಂದ ರೈಲು, ರೈಲಿನಲ್ಲಿ ಬಂದ ದೊರೆಗಳು, ಅವರಿಗಾಗಿ ಎದ್ದ ಹೋಟೆಲುಗಳು. ಮೇಲಿನ ಅಣೆಕಟ್ಟಿನಿಂದ ಊರ ಪಂಚಾಯತಿಗೆ ಬರುವ ನೀರಿನ ಬಾಡಿಗೆ, ಅದರಿಂದ ಕಟ್ಟಿಸಿದ ಶಾಲೆ. ಬೇಸಗೆ ಮುಗಿದಾಗ ಯಾರ ದನ ಎಷ್ಟು ಹಾಲು ಕೊಟ್ಟಿತೋ ಅದರ ಪ್ರಕಾರ ಹಂಚುವ ಚೀಸು.

ನನ್ನ ಇಂಗ್ಲಿಷ್ ಅಡುಗೆಮನೆಯ ಇಂಗ್ಲಿಷ್, ಎರಡು ಮಾತಿಗೆ ಒಮ್ಮೆ ತಡೆಯುತ್ತದೆ. ಆ ಹೊತ್ತು ತಡೆಯಲಿಲ್ಲ. ಸ್ವರ ನನ್ನದೇ ಆಗಿತ್ತು. ಏನು ಹೇಳುತ್ತಿದ್ದೇನೆ ಎಂಬುದು ಮಾತ್ರ ಹೇಳಿದ ಮೇಲೆ ನನಗೆ ತಿಳಿಯುತ್ತಿತ್ತು. ಹೆಡಿ ಕಣ್ಣು ಮುಚ್ಚಿಕೊಂಡು ಪ್ರತಿಯೊಂದಕ್ಕೂ, “ಯಾ, ಯಾ” ಎಂದು ಹೂಂಗುಟ್ಟುತ್ತಿದ್ದರು.

ಕೊನೆಗೆ ಮೇಲಿನ ದಾರಿಗೆ ಬಂದೆ. “ಕೊರಕಲಿನ ಮೇಲೆ ಕಾಲಿಡಬೇಡಿ,” ಎಂದೆ. “ಹಿಮ ಗಟ್ಟಿ ಕಾಣುತ್ತದೆ, ಅಡಿಯಲ್ಲಿ ಟೊಳ್ಳು. ಬಂಡೆಯ ಮೇಲಿನ ಶಿಲುಬೆಯ ಬದಿಯಿಂದ ಬನ್ನಿ. ಮರದ ಮೆಟ್ಟಿಲು ಉಂಟು. ತಿರುವಿನಲ್ಲಿ ಕಬ್ಬಿಣದ ಸರಪಳಿ ಉಂಟು, ಹಿಡಿದುಕೊಳ್ಳಿ.” ಹೋಗಿ ಎನ್ನಬೇಕಿದ್ದಲ್ಲಿ, ಮೇಲೆ ನಿಂತು ಕರೆಯುವವಳ ಹಾಗೆ, ಬನ್ನಿ ಎಂದಿದ್ದೆ.

ಹೆಡಿ ಚೀಲವನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತು ಸೂಪು ಕುಡಿದರು. ಆಗ ಬಾಗಿಲಲ್ಲಿ ಅವರ ಮಗಳು ರೂತ್ ನಿಂತಿರುವುದು ಕಂಡಿತು. ಯಾವಾಗ ಬಂದಿದ್ದರೋ.

“ಇದನ್ನೆಲ್ಲ ನಿಮಗೆ ಯಾರು ಹೇಳಿದ್ದು? ಅಮ್ಮನಾ?”

“ನನ್ನ ತಮ್ಮ ಆ ಕಡೆ ಅಡುಗೆಗೆ ಇದ್ದ,” ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

“ಎಲ್ಲ ಸರಿಯಾಗಿ ಹೇಳಿದಿರಿ. ಒಂದೇ ತಪ್ಪು. ಶಿಲುಬೆಯ ಬದಿಯಲ್ಲಿ ದಾರಿ ಇಲ್ಲ, ಅದು ಬರೀ ಬಂಡೆ. ಚಿಕ್ಕವಳಿದ್ದಾಗ ಅಜ್ಜನ ಮನೆಗೆ ಹೋದಾಗಲೆಲ್ಲ ನೋಡಿದ್ದೇನೆ. ಅಲ್ಲಿ ಆಡೂ ಹತ್ತುವುದಿಲ್ಲ.”

ಆ ತಪ್ಪು ಕೇಳಿ, ಹಾಗಾದರೆ ಮಾತಾಡಿದವಳು ನಾನೇ ಎಂದು ನನಗೆ ಸಮಾಧಾನವಾಯಿತು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅಂದು ಹೂಂನ ವಿಷಯವನ್ನೂ ಹೇಳಿದೆ. ಅವರು ಟಿವಿ ಆರಿಸಿ ನನ್ನ ಎದುರು ಬಂದು ಕುಳಿತರು. “ಕಿವಿಗೆ ಬಿದ್ದದ್ದು ಒಳಗೆ ಎಲ್ಲಿಯಾದರೂ ಇರ್ತದೆ ಮಾರಾಯ್ತಿ,” ಎಂದರು. “ಟ್ಯಾಕ್ಸಿಯ ರೇಡಿಯೋದಲ್ಲಿ ಬರುವ ಇಂಗ್ಲಿಷ್ ಹಾಡು ನಾನು ಕೇಳುದೇ ಇಲ್ಲ. ಸ್ನಾನ ಮಾಡುವಾಗ ಬಾಯಲ್ಲಿ ಬರುದಿಲ್ವಾ?”

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ವಾಸು ಹೇಳಿದ್ದೆಲ್ಲ ನನ್ನೊಳಗೆ ಇತ್ತು ಎಂದಾದರೆ ನಾನು ಅಷ್ಟು ಕೆಟ್ಟವಳಲ್ಲ, ಅರ್ಧವಾದರೂ ಕೇಳಿಸಿಕೊಂಡಿದ್ದೆ. ಕೊರಕಲಿನ ವಿಷಯ ಕುಂದಾಪುರದ ಹುಡುಗ ಹೇಳಿದ್ದು. ದಾರಿ ನನ್ನ ಕಲ್ಪನೆ. ಹಾಗಿದ್ದರೆ ಅವನ ಆ ಕೊನೆಯ ಪ್ರಶ್ನೆಯೂ ಒಳಗೆ ಇರಬೇಕಲ್ಲ? ಬಸ್ಸಿನಲ್ಲಿ, ತರಕಾರಿ ಹೆಚ್ಚುವಾಗ, ಕಣ್ಣು ಮುಚ್ಚಿ ಹುಡುಕಿದೆ. ಸದ್ದಿಲ್ಲದ ಟಿವಿ ಮಾತ್ರ ಕಾಣುತ್ತಿತ್ತು.

ಹೆಡಿ ಆ ಚಳಿಗಾಲದಲ್ಲೇ ತೀರಿಕೊಂಡರು. ರೂತ್ ಬೂದಿಯನ್ನು ತಾಯಿಯ ಊರಿಗೆ ಕೊಂಡುಹೋದರು. ಹಿಂತಿರುಗಿದ ಮೇಲೆ ಒಂದು ದಿನ ಅಡುಗೆಮನೆಗೆ ಬಂದು ಕ್ಯಾಮೆರಾದಲ್ಲಿ ಒಂದು ಫೋಟೋ ತೋರಿಸಿದರು. ಬಂಡೆಯ ತುದಿಯಲ್ಲಿ ಶಿಲುಬೆ. ಅದರ ಬದಿಯಿಂದ ಮರದ ದಿಮ್ಮಿಗಳ ಮೆಟ್ಟಿಲು. ತಿರುವಿನಲ್ಲಿ ಬಂಡೆಗೆ ಬಡಿದ ಸರಪಳಿ.

“ನೀವು ಹೇಳಿದ್ದೇ ಸರಿ, ತಪ್ಪು ನನ್ನದು,” ಎಂದರು ರೂತ್. “ಇದು ಹೊಸ ದಾರಿ. ಹೋಟೆಲಿನ ಇಂಡಿಯನ್ ಅಡುಗೆಯವನೊಬ್ಬ ಊರ ಕೆಲಸಕ್ಕೆ ಹೋಗಿ ಕೊರಕಲಿಗೆ ಬಿದ್ದು ಸತ್ತನಂತೆ. ಆಮೇಲೆ ಪಂಚಾಯತಿಯಲ್ಲಿ ಎಲ್ಲರೂ ಕೈಯೆತ್ತಿ ತೀರ್ಮಾನ ಮಾಡಿದರಂತೆ. ಮನೆಗೊಬ್ಬರು ಬಂದು ಬಂಡೆ ಕಡಿದರು. ನಿಮ್ಮ ತಮ್ಮನಿಗೆ ಅವನ ಪರಿಚಯ ಇತ್ತೇನೋ?”

“ಅವನೇ ನನ್ನ ತಮ್ಮ,” ಎಂದೆ.

ರೂತ್ ಕ್ಯಾಮೆರಾ ಕೆಳಗಿಟ್ಟು ನನ್ನ ಹಸಿ ಕೈ ಹಿಡಿದುಕೊಂಡರು. ಅವರಿಗೆ ಎಲ್ಲ ಹೇಳಿದೆ, ಕ್ಯಾಸೆಟ್ಟಿನ ವಿಷಯವನ್ನೂ. ಅವರು ನನ್ನನ್ನು ಸಮಾಧಾನಪಡಿಸಲು ಹೋಗಲಿಲ್ಲ. “ಆ ದಾರಿ ಎಂದೋ ಆಗಬೇಕಿತ್ತು ಎಂದು ಊರಿನವರೂ ಅಳುತ್ತಾರೆ,” ಎಂದಷ್ಟೇ ಹೇಳಿದರು.

ಕುಂದಾಪುರದ ಹುಡುಗನನ್ನು ಹುಡುಕಿ ಫೋನ್ ಮಾಡಿದೆ. ಅವನು ಆ ತಿಂಗಳೇ ಕೆಲಸ ಬಿಟ್ಟು ಮುಂಬಯಿಗೆ ಬಂದಿದ್ದ, ಹೊಸ ದಾರಿಯ ಸುದ್ದಿಯೇ ಗೊತ್ತಿರಲಿಲ್ಲ. ಹೆಡಿ ಆಸ್ಟ್ರೇಲಿಯಾ ಬಿಟ್ಟು ಹೋಗದೆ ಎಷ್ಟೋ ವರ್ಷಗಳಾಗಿದ್ದವು. ಆ ಊರಿನ ಬೇರೆ ಯಾರನ್ನೂ ನಾನು ಬಲ್ಲವಳಲ್ಲ. ಉಳಿದದ್ದನ್ನು ವಾಸು ಫೋನಿನಲ್ಲಿ ಹೇಳಿದ್ದ, ನನ್ನ ಕಿವಿ ಹೇಗೋ ಇಟ್ಟುಕೊಂಡಿತ್ತು ಎಂದು ಒಪ್ಪಿಕೊಳ್ಳಬಹುದು. ಆ ಮೆಟ್ಟಿಲುಗಳನ್ನು ಹಾಕುವಾಗ ವಾಸುವೇ ಇರಲಿಲ್ಲ. ಈಗ ನನ್ನ ಗಂಡ ರೇಡಿಯೋದ ಮಾತೆತ್ತುವುದಿಲ್ಲ.

ಫೋಟೋ ತೋರಿಸಿದ ದಿನ ಹೊರಡುವ ಮೊದಲು ರೂತ್ ಏನೋ ಕೇಳಿದರು. ನನ್ನ ಬಾಯಿಗೆ ಹೂಂ ಬಂದುಬಿಟ್ಟಿತ್ತು. ತಡೆದುಕೊಂಡು, ಇನ್ನೊಮ್ಮೆ ಹೇಳಿ ಎಂದೆ. ಆ ದಾರಿ ನೋಡಲು ನನ್ನ ಜೊತೆ ಬರುತ್ತೀರಾ ಎಂದು ಅವರು ನಿಧಾನವಾಗಿ ಮತ್ತೆ ಕೇಳಿದರು. ಪೂರ್ತಿ ಕೇಳಿಸಿಕೊಂಡೆ. ವರ್ಷಗಳಾದವು, ಇನ್ನೂ ಉತ್ತರ ಕೊಟ್ಟಿಲ್ಲ. ಹೋಗಬೇಕೆಂಬ ಆಸೆ ಇದೆ. ಆದರೆ ಹೆಡಿಯ ಮುಂದೆ ನನ್ನ ಬಾಯಿಯಿಂದ, ಮೇಲೆ ನಿಂತವರ ಹಾಗೆ, ಬನ್ನಿ ಎಂದವರು ಯಾರು, ಕರೆದದ್ದು ಹೆಡಿಯನ್ನೋ ನನ್ನನ್ನೋ, ಅದು ತಿಳಿಯದೆ ಆ ಮೆಟ್ಟಿಲಿಗೆ ಕಾಲಿಡಲು ನನಗೆ ಧೈರ್ಯವಿಲ್ಲ.