ಮೊಣಕೈ ಅದ್ದಿ ನೋಡಿದ ನೀರು

ಲೋಬಾನದ ಹೊಗೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಬಳ್ಳಾರಿಯ ಗಾಂಧಿನಗರದ ಬಾಡಿಗೆ ಮನೆಯ ಬಚ್ಚಲು ನೆನಪಾಗುತ್ತದೆ. ತಾಮ್ರದ ಹಂಡೆ, ಒದ್ದೆ ಕಲ್ಲು, ಲುಂಗಿ ಮೇಲೆತ್ತಿ ಕಟ್ಟಿ ಮಣೆಯ ಮೇಲೆ ಕಾಲು ಚಾಚಿ ಕೂತ ಅಪ್ಪ, ಅವರ ಕಾಲ ಮೇಲೆ ಮೈತುಂಬ ಎಣ್ಣೆಯಾಗಿ ಬೋರಲು ಮಲಗಿದ ನನ್ನ ತಮ್ಮ. ನಿಮ್ಮ ಮನೆಯಲ್ಲಿ ಕೂಸಿಗೆ ಎರೆಯಲು ಅಜ್ಜಿಯೋ ದೊಡ್ಡಮ್ಮನೋ ಇದ್ದಿರಬೇಕು. ನಮ್ಮಲ್ಲಿ ಅಪ್ಪ. ಅರವತ್ತರ ದಶಕದಲ್ಲಿ ಇದು ಅನ್‌ಹರ್ಡ್ ಆಫ್!

ಅಮ್ಮ ಸಿರುಗುಪ್ಪದವಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ನಾನು ಹುಟ್ಟಿದಾಗ ಅವಳಿಗೆ ಹದಿನೈದು, ತಮ್ಮ ಹುಟ್ಟಿದಾಗ ಹತ್ತೊಂಬತ್ತು. ಅವಳೇ ಇನ್ನೂ ಚೈಲ್ಡ್. ಓದಿನ ಆಸೆ ಮಾತ್ರ ಆರಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಪ್ರೈವೇಟಾಗಿ ಕೂರುವಂತೆ ಒತ್ತಾಯಿಸಿದ ಅಪ್ಪ, ಅವಳು ಬೆಳಗಿನ ಹೊತ್ತು ಓದಲಿ ಎಂದು ಕೂಸಿನ ಸ್ನಾನ ತಾವೇ ವಹಿಸಿಕೊಂಡರು. ಆದರೆ ಹತ್ತಿ ಮಿಲ್ಲಿನಲ್ಲಿ ಬೇಲುಗಳಿಗೆ ಕಬ್ಬಿಣದ ಪಟ್ಟಿ ಬಿಗಿದು ಬಿಗಿದು ಅವರ ಅಂಗೈ ಜಡ್ಡುಗಟ್ಟಿತ್ತು. ಬೆಚ್ಚಗಿದೆ ಎಂದುಕೊಂಡು ಅವರು ಹೊಯ್ದ ಮೊದಲ ತಂಬಿಗೆಗೇ ಕೂಸಿನ ಬೆನ್ನು ಕೆಂಪಾಯಿತು. ಕುರುಗೋಡಿನಿಂದ ಬಂದಿದ್ದ ಅಪ್ಪನ ಅವ್ವ ಓಡಿಬಂದರು.

"ಗಂಡಸಾಗಿ ಕೂಸಿಗೆ ಎರಿಯಾಕ ಕುಂತಿಯಲ್ಲೋ! ಮಂದಿ ನಗತಾರ. ಎರಡೂ ಮಕ್ಕಳನ್ನ ಊರಿಗೆ ಒಯ್ತೀನಿ ನಾನು."

"ನಗೋ ಮಂದಿ ಬಂದು ಎರೀತಾರೇನಬೇ?"

ಅಮ್ಮ ಪುಸ್ತಕ ಮುಚ್ಚಿ ಬಾಗಿಲಲ್ಲಿ ನಿಂತಿದ್ದಳು. "ಪರೀಕ್ಷೆ ಬ್ಯಾಡ ಬಿಡ್ರಿ. ಮಕ್ಕಳನ್ನ ಬಿಟ್ಟು ನಾ ಇರಂಗಿಲ್ಲ."

ಅಪ್ಪ ಅವಳ ಪುಸ್ತಕದ ಕಡೆ ಕೈ ತೋರಿಸಿದರು. ಹಂಡೆಗೆ ತಣ್ಣೀರು ಬೆರೆಸಿ ನನ್ನನ್ನು ಕರೆದರು. "ಬಾ ಪುಟ್ಟಿ, ಮೊಣಕೈ ಅದ್ದಿ ನೋಡು. ನಿನಗ ಸುಡಲಿಲ್ಲಂದ್ರ ತಮ್ಮಗೂ ಸುಡಂಗಿಲ್ಲ." ನಾಲ್ಕು ವರ್ಷದ ನಾನು ಅಂದಿನಿಂದ ಮನೆಯ ಥರ್ಮಾಮೀಟರ್! ಮೂರು ದಿನ ಮುಖ ಗಂಟಿಕ್ಕಿಕೊಂಡು ನೋಡಿದ ಅಜ್ಜಿ, ನಾಲ್ಕನೇ ದಿನ "ಕಾಲು ಕೂಡಿಸ್ಕೋಲೇ, ಕೂಸು ಜಾರತೈತಿ" ಎಂದು ಗದರಿ, ತಾವೇ ಲೋಬಾನದ ಕೆಂಡ ತಂದರು. ಆ ಸಂಜೆ ಒಬ್ಬರೇ ಕುರುಗೋಡಿನ ಬಸ್ಸು ಹತ್ತಿದರು.

ಅಮ್ಮ ಗಣಿತದಲ್ಲಿ ಫೇಲಾದಳು. ಅಪ್ಪ ಇನ್ನೂ ಆರು ತಿಂಗಳು ಎರೆದರು. ಅಷ್ಟರಲ್ಲಿ ತಮ್ಮ ಗೋಡೆ ಹಿಡಿದು ನಿಲ್ಲುತ್ತಿದ್ದ, ಅಮ್ಮ ಪಾಸಾಗಿದ್ದಳು. ಮುಂದೆ ಕಾನ್ವೆಂಟಿನಲ್ಲಿ ಸಿಸ್ಟರ್ 'ಜೆಂಟಲ್‌ಮನ್' ಎಂಬ ಪದ ಕಲಿಸಿದಾಗ ನನ್ನ ಕಣ್ಣಿಗೆ ಕೋಟು ಹ್ಯಾಟು ಬರಲಿಲ್ಲ. ಆ ಮೇಲೆತ್ತಿ ಕಟ್ಟಿದ ಲುಂಗಿ ಬಂತು.

ಆ ಮನೆ ಈಗಿಲ್ಲ. ಅಲ್ಲೊಂದು ಮೆಡಿಕಲ್ ಶಾಪ್ ಇದೆ. ಅಪ್ಪ ತೀರಿಕೊಂಡ ದಿನ, ಕೊನೆಯ ಸ್ನಾನಕ್ಕೆ ನೀರು ತಂದಿಟ್ಟಿದ್ದರು. ತಂಬಿಗೆ ಎತ್ತಿದವರನ್ನು ಅಮ್ಮ ಕೈಸನ್ನೆಯಿಂದಲೇ ತಡೆದು, ನನ್ನ ಕಡೆ ತಿರುಗಿದಳು.

"ಪುಟ್ಟಿ, ಅದ್ದಿ ನೋಡವಾ."

ನಾನು ಸೀರೆಯ ಸೆರಗು ಸರಿಸಿ, ಮೊಣಕೈ ಅದ್ದಿದೆ.